ಹುರುಳಿ ಹಾಸಿದ ತಿರುವು

ಕಡೂರು
೧೯-೧-೧೯೮೩, ಬುಧವಾರ

ಪ್ರೀತಿಯ ದೇವೂ,

ನಿನ್ನ ಸೊಂಟದ ನೋವು ಈಗ ಹೇಗಿದೆ? ಭಿಲಾಯಿಯಲ್ಲಿ ಈ ಸಲ ಚಳಿ ಜೋರಂತೆ, ಪೇಪರಿನಲ್ಲಿ ಓದಿದೆ. ಬೆಳಿಗ್ಗೆ ಪಾಳಿ ಇದ್ದ ದಿನವಾದರೂ ಸ್ಕೂಟರು ಬಿಟ್ಟು ಕಾರ್ಖಾನೆ ಬಸ್ಸಿನಲ್ಲಿ ಹೋಗು. ನಿನ್ನ ಹೆಂಡತಿ ಗಿರಿಜ ಬಿ.ಪಿ. ಮಾತ್ರೆಯನ್ನು ನೆನಪಾದಾಗ ನುಂಗುವುದು, ಮರೆತಾಗ ಬಿಡುವುದು ಮಾಡುತ್ತಾಳೆಂದು ನೀನೇ ಬರೆದಿದ್ದೆ. ನನ್ನ ಹೆಸರು ಹೇಳಿ ಗದರಿಸು. ಇಲ್ಲಿ ನಾವೆಲ್ಲ ಕ್ಷೇಮ. ಈ ಮಾತನ್ನು ಈ ಸಲ ವಾಡಿಕೆಗೆ ಬರೆದಿಲ್ಲ, ನೋಡಿಕೊಂಡೇ ಬರೆದಿದ್ದೇನೆ. ನಿನ್ನ ಮಗಳು ಪಂಕಜ ಕ್ಷೇಮವಾಗಿದ್ದಾಳೆ. ಅವಳ ಮೈಮೇಲೆ ಒಂದು ಗೀರೂ ಇಲ್ಲ. ನಾನು ಇದನ್ನು ಬರೆಯುತ್ತಿರುವಾಗ ಹಿತ್ತಲಿನಲ್ಲಿ ತಲೆಗೂದಲು ಒಣಗಿಸಿಕೊಳ್ಳುತ್ತ ಕೆಮಿಸ್ಟ್ರಿ ಓದುತ್ತಿದ್ದಾಳೆ. ನನ್ನ ಎಡಗೈಗೆ ಮಾತ್ರ ಬ್ಯಾಂಡೇಜು ಕಟ್ಟಿದೆ. ಕಾಗದ ಹಾರದ ಹಾಗೆ ನಿನ್ನ ಭಾವನ ತೂಕದ ಬಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಡಾಕ್ಟರು ಇನ್ನೊಂದು ವಾರಕ್ಕೆ ಬಿಚ್ಚುತ್ತಾರಂತೆ, ಬೆರಳೆಲ್ಲ ಆಡುತ್ತಿವೆ. ಇಷ್ಟು ಓದಿ ನೀನು ಟ್ರಂಕ್ ಕಾಲ್ ಬುಕ್ ಮಾಡಲು ಎದ್ದಿರುತ್ತೀಯ. ಕೂತುಕೋ. ಪೂರ್ತಿ ಓದಿ ಆಮೇಲೆ ಬೇಕಾದರೆ ಎದ್ದು ಹೋಗು.

ಭಾನುವಾರದ ಸಂಗತಿ ಬೇರೆ ಯಾರ ಬಾಯಿಂದಲೋ ನಿನ್ನನ್ನು ಮುಟ್ಟುವ ಮೊದಲು ನಾನೇ ಬರೆಯಬೇಕು ಅನ್ನಿಸಿತು. ಬೀರೂರಿನಲ್ಲಿ ಆಗಲೇ ಒಬ್ಬರು, ಕಾರು ಪೂರ್ತಿ ಸುಟ್ಟು ಹೋಯಿತಂತೆ, ಹೆಂಗಸರಿಬ್ಬರನ್ನೂ ಶಿವಮೊಗ್ಗಕ್ಕೆ ಸಾಗಿಸಿದರಂತೆ ಎಂದು ಹೇಳುತ್ತಿದ್ದಾರೆಂದು ಗೊತ್ತಾಯಿತು. ಇಂಗ್ಲಿಷಿನಲ್ಲಿ ಬರೆದಿದ್ದರೆ ನನಗೆ ಬೇಗ ಮುಗಿಯುತ್ತಿತ್ತು. ಆದರೆ ಇಂಗ್ಲಿಷಿನಲ್ಲಿ ನಾನು ಇರುವುದಕ್ಕಿಂತ ಜಾಣೆಯಾಗಿ ಕಾಣುತ್ತೇನೆ, ಕಾನ್ವೆಂಟಿನಲ್ಲಿ ಕಲಿಸಿದ್ದೇ ಹಾಗೆ. ಈ ವಿಷಯದಲ್ಲಿ ಅದು ಬೇಡ.

ಪಂಕಜಳನ್ನು ಓದಿಗೆಂದು ನಮ್ಮಲ್ಲಿ ಬಿಟ್ಟು ಹೋಗುವ ದಿನ ಕಡೂರು ಸ್ಟೇಷನ್ನಿನಲ್ಲಿ ನೀನು ಹೇಳಿದ್ದು ಒಂದೇ ಮಾತು. ಅವಳು ಏನು ಬೇಕಾದರೂ ಓದಲಿ, ಏನು ಬೇಕಾದರೂ ಆಗಲಿ, ಪಂದ್ಯದ ಕಾರಿನ ಸ್ಟೀರಿಂಗ್ ಮಾತ್ರ ಹಿಡಿಯಕೂಡದು ಅಂದೆ. ನಾನು ಯಾಕೆ ಅಂತ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಮದರಾಸಿನ ಆ ಹಳೆಯ ವಿಮಾನ ಇಳಿಯುವ ಜಾಗದಲ್ಲಿ ನಿನ್ನ ಗೆಳೆಯ ತೀರ್ಥಪ್ಪನ ಕಾರು ಮಗುಚಿದ ದಿನ ನಾನೂ ನಿನ್ನ ಭಾವನೂ ಹಗ್ಗದ ಈಚೆಗೆ ನಿಂತಿದ್ದೆವಲ್ಲ. ನೀನೂ ಅವನೂ ಬೀರೂರಿನ ಷೆಡ್ಡಿನಲ್ಲಿ ವರ್ಷವೆಲ್ಲ ಕೂತು ಕಟ್ಟಿದ ಕಾರು ಅದು. ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಅದರ ಬಗ್ಗೆ ಒಂದು ಸಲವೂ ಮಾತಾಡಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇನೆ, ಕ್ಷಮಿಸು.

ಜನ ಹುಲ್ಲಿನ ಪಿಂಡಿಗಳ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಆ ಪಿಂಡಿಗಳು ಕಾರು ತಪ್ಪಿ ಬಂದರೆ ತಡೆಯಲಿ ಎಂದು ಇಟ್ಟದ್ದು ಎಂಬುದು ನನಗೆ ಅಂದು ಗೊತ್ತಿರಲಿಲ್ಲ, ನಾನೂ ಅದಕ್ಕೇ ಒರಗಿ ನಿಂತಿದ್ದೆ. ತಿರುವು ಎಲ್ಲಿ ಎಂದು ತೋರಿಸಲು ಡಾಂಬರಿನ ಖಾಲಿ ಡ್ರಮ್ಮುಗಳು. ಒಂದು ನಾಯಿ ಎರಡು ಸಲ ಅಡ್ಡ ಓಡಿತು, ಎರಡು ಸಲವೂ ಜನ ಚಪ್ಪಾಳೆ ತಟ್ಟಿದರು. ನೀವೆಲ್ಲ ತೆಳು ಅಂಗಿ ತೊಟ್ಟಿದ್ದಿರಿ. ಬೆಲ್ಟು ಕಟ್ಟಿಕೊಳ್ಳುವವರನ್ನು ನೀವು ಗೇಲಿ ಮಾಡುತ್ತಿದ್ದಿರಿ. ಬೆಂಕಿ ಬಿದ್ದರೆ ಒಳಗೇ ಸಿಕ್ಕಿಕೊಳ್ಳುತ್ತೇವೆ, ಎಸೆಯಲ್ಪಟ್ಟು ಹೊರಗೆ ಬೀಳುವುದೇ ವಾಸಿ ಎಂದು ತೀರ್ಥಪ್ಪ ನನಗೇ ವಾದ ಮಾಡಿ ಹೇಳಿದ್ದ. ಅವನು ಹೊರಗೆ ಬೀಳಲಿಲ್ಲ. ಬೆಂಕಿ ಆರಿಸಲು ಅಲ್ಲಿದ್ದದ್ದು ಮರಳಿನ ಬಕೆಟ್ಟುಗಳು ಮತ್ತು ಒಂದು ಕೆಂಪು ಸಿಲಿಂಡರು, ಅದರ ಹಿಡಿ ಒತ್ತಿದರೆ ಏನೂ ಬರಲಿಲ್ಲ. ನೀನು ಬರಿಗೈಯಲ್ಲಿ ಅವನನ್ನು ಎಳೆದೆ. ಆಂಬುಲೆನ್ಸು, ಪಂದ್ಯ ನೋಡಲು ಬಂದವರ ಕಾರುಗಳ ಹಿಂದೆ ಸಿಕ್ಕಿಕೊಂಡಿತ್ತು. ನಿಮ್ಮಿಬ್ಬರನ್ನೂ ಬ್ರೆಡ್ಡು ಹಂಚುವ ವ್ಯಾನಿನಲ್ಲಿ ಮಲಗಿಸಿಕೊಂಡು ಹೋದರು. ಅವನು ದಾರಿಯಲ್ಲೇ ಹೋದ. ನಿನ್ನ ಕೈಗಳನ್ನು ಆಮೇಲೆ ನೋಡಿದವರು ಯಾರೂ ನಿನಗೆ ಯಾವ ಪ್ರಶ್ನೆಯನ್ನೂ ಕೇಳಲಾರರು. ಹಾಗಾಗಿ ನಿನ್ನ ಮಾತನ್ನು ನಾನು ಮೀರುವವಳಲ್ಲ ಎಂದೇ ತಿಳಿದುಕೊಂಡಿದ್ದೆ.

ಡಿಸೆಂಬರಿನಲ್ಲಿ ಪೆಟ್ರೋಲ್ ಬಂಕಿನ ಗೋಡೆಗೆ ಒಂದು ಪೋಸ್ಟರು ಬಂತು. ಬೆಂಗಳೂರಿನ ಮೋಟಾರು ಕ್ಲಬ್ಬೊಂದು ಸಂಕ್ರಾಂತಿಯ ಮುಂದಿನ ಭಾನುವಾರ ನಮ್ಮ ಸೀಮೆಯಲ್ಲಿ ರ‍್ಯಾಲಿ ನಡೆಸುತ್ತದಂತೆ. ಕಡೂರಿನಲ್ಲಿ ಹೊರಟು ಪಂಚನಹಳ್ಳಿ ಕಡೆ ಸುತ್ತಿ, ಹಳ್ಳಿ ದಾರಿಗಳಲ್ಲಿ ಶಿವನಿಗೆ ಬಂದು, ಅಜ್ಜಂಪುರದ ಮೇಲೆ ತರೀಕೆರೆಯಲ್ಲಿ ಮುಗಿಯುವುದು. ಪಂಕಜ ಅದನ್ನು ಎರಡು ದಿನ ಮನಸ್ಸಿನಲ್ಲೇ ಇಟ್ಟುಕೊಂಡು ಮೂರನೆಯ ದಿನ ರೊಟ್ಟಿ ತಟ್ಟುವಾಗ ಹೇಳಿದಳು. ನಾನು ನಿನ್ನ ಮಾತನ್ನು ನೆನಪಿಸಿದೆ. “ಗೊತ್ತು ಅತ್ತೆ. ನಾನು ಸ್ಟೀರಿಂಗ್ ಮುಟ್ಟಲ್ಲ. ನೀವು ಓಡ್ಸಿ, ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತೀನಿ,” ಅಂದಳು. ನನಗೆ ನಗು ಬಂತು. ನಲವತ್ತನಾಲ್ಕು ವಯಸ್ಸಿಗೆ ರ‍್ಯಾಲಿಯಲ್ಲಿ ಕಾರು ಓಡಿಸುವುದೇ ಎಂದು ಒಂದು ಗಂಟೆ ನಕ್ಕೆ. ಆಮೇಲೆ ಯಾಕೆ ಓಡಿಸಬಾರದು ಎಂದು ಒಂದು ವಾರ ಯೋಚಿಸಿದೆ. ಅಪ್ಪ ನನಗೆ ಕಾರು ಕಲಿಸಿದ್ದು ನಿನಗಿಂತ ಮೊದಲು. ಅವರ ಫಿಯಟ್ಟನ್ನು ಈ ಹದಿನೈದು ವರ್ಷ ಓಡಿಸುತ್ತಿರುವವಳೂ ನಾನೇ, ಪಂಕಜಳಿಗೆ ಅದನ್ನು ಊರೊಳಗೆ ಓಡಿಸಲು ಕಲಿಸಿದವಳೂ ನಾನೇ. ನಿನ್ನ ಭಾವ ಮಾತ್ರ ಕೊಬ್ಬರಿ ಮಂಡಿಯಿಂದ ಬಂದು ವಿಷಯ ಕೇಳಿ, “ನೀನು ಓಡ್ಸೋದಾ? ಸಂತೆಗೆ ಹೋಗೋವಾಗ ಎತ್ತಿನ ಗಾಡಿಯೋನು ಹಿಂದಿಂದ ‘ಸ್ವಲ್ಪ ದಾರಿ ಬಿಡಿ ತಾಯಿ’ ಅಂತಾನೆ ಕಣೇ ನಿನಗೆ,” ಅಂದರು. ನಿಜ, ಅಂದಿದ್ದಾನೆ.

ಆದರೆ ಈ ರ‍್ಯಾಲಿಯ ರೀತಿ ಬೇರೆ, ದೇವೂ. ಬಹುಪಾಲು ದಾರಿಯಲ್ಲಿ ಇಷ್ಟು ಹೊತ್ತಿಗೆ ಇಂಥ ಜಾಗ ಮುಟ್ಟಬೇಕು ಎಂದು ಗೊತ್ತು ಮಾಡಿರುತ್ತಾರೆ. ತಡವಾದರೂ ದಂಡ, ಬೇಗ ಬಂದರೂ ದಂಡ. ಕೊನೆಯ ತುಂಡು, ಅಜ್ಜಂಪುರದಿಂದ ತರೀಕೆರೆಯವರೆಗಿನದು ಮಾತ್ರ ನಿಜವಾದ ಓಟ, ಅಲ್ಲಿ ಬೇಗ ಬಂದವರೇ ಗೆದ್ದವರು. ಅಳತೆ ತಪ್ಪದೆ ಸಮನಾಗಿ ಓಡಿಸುವುದೇ ಮುಖ್ಯವಾದ ಪಂದ್ಯಕ್ಕೆ ನನಗಿಂತ ತಕ್ಕವರು ಯಾರಿದ್ದಾರೆ ಎಂದು ನನ್ನೊಳಗೇ ಒಂದು ಸೊಕ್ಕು ಬಂತು. ಆ ಸೊಕ್ಕು ನಿನ್ನ ಮಗಳಿಗಾಗಿ ಬಂದದ್ದೋ ನನಗಾಗಿ ಬಂದದ್ದೋ, ಈಗಲೂ ಬಿಡಿಸಿ ಹೇಳಲಾರೆ.

ತಯಾರಿಯನ್ನೆಲ್ಲ ಪಂಕಜಳೇ ಮಾಡಿದಳು. ಭುಜದ ಮೇಲಿಂದ ಬರುವ ಬೆಲ್ಟುಗಳನ್ನು ಬೆಂಗಳೂರಿನಿಂದ ತರಿಸಿ, ಅವುಗಳನ್ನು ಸೀಟಿಗೆ ಅಲ್ಲ, ಕಾರಿನ ತಳಕ್ಕೇ ಬೋಲ್ಟು ಹಾಕಿಸಿದಳು. ಕಣ್ಣು ಕಟ್ಟಿಕೊಂಡು ಬೆಲ್ಟು ಬಿಚ್ಚುವುದನ್ನು ನನಗೆ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಅಭ್ಯಾಸ ಮಾಡಿಸಿದಳು. ಬೀದಿಯ ಮಕ್ಕಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತು ನೋಡಿದರು. ಬೆಂಕಿ ಆರಿಸುವ ಸಿಲಿಂಡರುಗಳನ್ನು ಎರಡು ತರಿಸಿ, ಒಂದನ್ನು ಹಿತ್ತಲಿನಲ್ಲಿ ಹೊಡೆದೇ ನೋಡಿದಳು. ನಿನ್ನ ಭಾವ ಹೊಸದನ್ನು ಹಾಳು ಮಾಡಿದೆಯಲ್ಲೇ ಅಂದರೆ, “ಒಂದು ಕೆಲಸ ಮಾಡುತ್ತೆ ಅಂತ ಗೊತ್ತಾಯ್ತಲ್ಲ ಮಾವ, ಇನ್ನೊಂದೂ ಮಾಡುತ್ತೆ,” ಅಂದಳು. ಬೆಂಕಿ ತಾಕಿದರೆ ಮೈಗೆ ಅಂಟುತ್ತವೆಂದು ನನ್ನ ನೈಲಾನ್ ಸೀರೆಗಳನ್ನು ಹತ್ತಿರ ಸುಳಿಯಗೊಡಲಿಲ್ಲ. ಕೊನೆಗೆ ನಾನು ನಿನ್ನ ಭಾವನ ಹತ್ತಿಯ ಪ್ಯಾಂಟು, ಷರಟು ಹಾಕಿಕೊಂಡು ನಿಂತಾಗ ಅವರು ಒಂದು ಸುತ್ತು ನೋಡಿ, ಪ್ಯಾಂಟಿಗೆ ಇದೇ ಮೊದಲ ಸಲ ಮರ್ಯಾದೆ ಬಂತು ಅಂದರು. ಇವನ್ನೆಲ್ಲ ಅವಳಿಗೆ ಯಾರು ಹೇಳಿಕೊಟ್ಟರು ಎಂದು ನಾನು ಕೇಳಿದೆ. ಅಪ್ಪ ರಾತ್ರಿ ನಿದ್ದೆಯಲ್ಲಿ ಮಾತಾಡ್ತಾರೆ ಅತ್ತೆ, ಚಿಕ್ಕಂದಿನಿಂದ ಕೇಳಿ ಕೇಳಿ ಬಂದಿದೆ ಅಂದಳು.

ಭಾನುವಾರ ಬೆಳಿಗ್ಗೆ ಹೊರಟೆವು. ಹೆಂಗಸರು ನಾವಿಬ್ಬರೇ, ಹಾಗಾಗಿ ಹೆಂಗಸರ ಕಪ್ಪು ಗಾಲಿ ಉರುಳುವ ಮೊದಲೇ ನಮ್ಮದಾಗಿತ್ತು. ಬೆಂಗಳೂರಿನ ಹುಡುಗರು ಅದನ್ನೇ ಹೇಳಿ, ಆಂಟಿ, ನೀವು ಮನೆಗೆ ಹೋಗಿ ಅಡುಗೆ ಮಾಡಿಕೊಂಡು ಬಂದರೂ ಕಪ್ಪು ಸಿಗುತ್ತೆ ಎಂದು ನಕ್ಕರು. ಪಂಚನಹಳ್ಳಿಯಲ್ಲಿ, ಹೊತ್ತು ಬರೆದುಕೊಳ್ಳುವ ಮೊದಲ ಠಾಣ್ಯದಲ್ಲಿ ನಮಗೆ ದಂಡವೇ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಪಂಕಜ ತೊಡೆಯ ಮೇಲೆ ನಕ್ಷೆ ಹರಡಿಕೊಂಡು, ಇನ್ನೂ ಸ್ವಲ್ಪ ನಿಧಾನ ಅತ್ತೆ, ಈಗ ಸರಿಯಾಯ್ತು, ಹಾಗೇ ಇರಲಿ ಎಂದು ಹೇಳುತ್ತಿದ್ದರೆ ನನಗೆ ಸ್ಕೂಲಿನಲ್ಲಿ ಪಿಯಾನೋ ಟೀಚರು ಪಕ್ಕದಲ್ಲಿ ಕೂತ ಹಾಗೆ ಆಗುತ್ತಿತ್ತು. ಅಡುಗೆಯ ಮಾತು ಆಡಿದ ಹುಡುಗರು ಮೂರನೆಯ ಠಾಣ್ಯದಲ್ಲಿ ಬೇಗ ಬಂದು ದಂಡ ತೆತ್ತು ಬಿಸಿಲಲ್ಲಿ ನಿಂತಿದ್ದರು. ನಾನು ಕೈ ಬೀಸಲಿಲ್ಲ, ಆದರೆ ಕನ್ನಡಿಯಲ್ಲಿ ನೋಡಿದೆ.

ಶಿವನಿ ಇನ್ನು ಎರಡು ಮೈಲಿ ಇದೆ ಅನ್ನುವಾಗ ಕೆರೆ ಏರಿ ಇಳಿದು ಒಂದು ತಿರುವು ಬರುತ್ತದೆ. ಅಲ್ಲಿ ನಡೆದದ್ದನ್ನು ಹೇಳುವ ಮೊದಲು ಆ ಊರಿನವರ ಪರವಾಗಿ ಒಂದು ಮಾತು ಹೇಳಬೇಕು. ಕ್ಲಬ್ಬಿನವರು ಎರಡು ದಿನ ಮೊದಲು ಜೀಪಿನಲ್ಲಿ ಮೈಕು ಕಟ್ಟಿಕೊಂಡು ಹೋಗಿ, ಭಾನುವಾರ ಈ ರಸ್ತೆಯಲ್ಲಿ ನಲವತ್ತು ಕಾರುಗಳು ಒಂದರ ಹಿಂದೆ ಒಂದು ಬರುತ್ತವೆ, ದನಕರು ಮಕ್ಕಳನ್ನು ರಸ್ತೆಗೆ ಬಿಡಬೇಡಿ ಎಂದು ಸಾರಿದ್ದರು. ಎಲೆಕ್ಷನ್ ಮುಗಿದು ಹತ್ತು ದಿನವಾಗಿತ್ತಷ್ಟೆ, ಜೀಪಿನ ಮೈಕಿಗೆ ಜನ ಕಿವಿ ಕೊಡುವುದನ್ನೇ ಬಿಟ್ಟಿದ್ದರು. ಆದರೂ ಇದನ್ನು ಮನಸ್ಸಿಟ್ಟು ಕೇಳಿದರು. ದನಗಳನ್ನು ಕಟ್ಟಿಹಾಕಿದರು, ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿದರು. ಆಮೇಲೆ ನಲವತ್ತು ಕಾರು ಎಂಬುದನ್ನು ಯೋಚಿಸಿದರು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ರಸ್ತೆಗೆ ಹಾಸಿ ಬಸ್ಸು ಲಾರಿಗಳ ಚಕ್ರಕ್ಕೆ ಒಕ್ಕಣೆ ಬಿಡುವುದು ನಿನಗೆ ಗೊತ್ತೇ ಇದೆ. ದಿನಕ್ಕೆ ನಾಲ್ಕು ಬಸ್ಸು ಬರುವ ರಸ್ತೆಗೆ ಒಂದೇ ಬೆಳಿಗ್ಗೆ ನಲವತ್ತು ಕಾರು. ಊರಿಗೆ ಊರೇ ತನ್ನ ಹುರುಳಿಯನ್ನೆಲ್ಲ ತಂದು ಆ ತಿರುವಿನಲ್ಲಿ ಮೊಣಕಾಲೆತ್ತರ ಹಾಸಿಬಿಟ್ಟಿತ್ತು.

ನಮಗಿಂತ ಮುಂದೆ ಹೋದ ಹತ್ತಾರು ಕಾರುಗಳು ಹೇಗೋ ತೂರಿಕೊಂಡು ಹೋಗಿದ್ದವು, ಅಷ್ಟಕ್ಕೇ ಕಾಳೆಲ್ಲ ಉದುರಿ ಗಿಡದ ಅಡಿಯಲ್ಲಿ ರಸ್ತೆಯ ತುಂಬ ಹರಡಿತ್ತು. ನಮ್ಮ ಮುಂದಿನ ಕಾರು ಆ ಕಾಳಿನ ಮೇಲೆ ಎಣ್ಣೆ ಬಳಿದ ನೆಲದ ಮೇಲೆ ಹೋದ ಹಾಗೆ ಜಾರಿ, ಚರಂಡಿಗಿಳಿದು, ಪಕ್ಕಕ್ಕೆ ಮಲಗಿತು. ನನ್ನ ಕಣ್ಣೆದುರಿಗೇ. ಆ ಕ್ಷಣದಲ್ಲಿ ನಾನು ಕೆರೆ ಏರಿಯ ಮೇಲಿರಲಿಲ್ಲ ದೇವೂ, ಮದರಾಸಿನಲ್ಲಿದ್ದೆ. ಬ್ರೇಕು ಒತ್ತಬೇಡಿ ಅತ್ತೆ, ಕಾಲು ತೆಗೀರಿ, ಬರೀ ಹಿಡ್ಕೊಳ್ಳಿ ಎಂದು ಪಂಕಜ ಹೇಳಿದ್ದು ಕೇಳಿಸಿತು. ಕೂಗಿ ಹೇಳಲಿಲ್ಲ, ರೊಟ್ಟಿಗೆ ಉಪ್ಪು ಹಾಕಿ ಅನ್ನುವ ಹಾಗೆ ಹೇಳಿದಳು. ನಾನು ಹಾಗೇ ಮಾಡಿದೆ. ಫಿಯಟ್ಟು ಹುರುಳಿಯನ್ನು ನೂಕಿಕೊಂಡು ಹೋಗಿ ತಾನಾಗಿ ನಿಂತಿತು. ಮಲಗಿದ ಕಾರಿನಲ್ಲಿ, ಮೂರನೆಯ ಠಾಣ್ಯ ಬಿಟ್ಟ ಮೇಲೆ ನಮ್ಮನ್ನು ದಾಟಿ ಮುಂದೆ ಹೋಗಿದ್ದ ಆ ಅಡುಗೆಯ ಹುಡುಗರೇ ಇದ್ದರು. ಇಬ್ಬರೂ ಬೆಲ್ಟಿನಲ್ಲಿ ನೇತಾಡುತ್ತಿದ್ದರು. ಹಿಂದಿನ ಕಾಲದ ಹಾಗೆ ಬೆಲ್ಟಿಲ್ಲದೆ ಇದ್ದಿದ್ದರೆ ಆ ಕಾರು ಅವರ ಮೇಲೇ ಮಲಗಿರುತ್ತಿತ್ತು. ಮೇಲಿನ ಬಾಗಿಲಿನಿಂದ ಒಬ್ಬೊಬ್ಬರಾಗಿ ಹತ್ತಿ ಬಂದರು, ಒಬ್ಬ ಕನ್ನಡಕ ಹುಡುಕಲು ಮತ್ತೆ ಒಳಗೆ ಇಳಿಯಲು ಹೊರಟ.

ಅಷ್ಟರಲ್ಲಿ ನನ್ನ ಕಾಲ ಕೆಳಗಿಂದ ಹೊಗೆ ಬಂತು. ಒಣಗಿದ ಹುರುಳಿ ಗಿಡ ಕಾದ ಸೈಲೆನ್ಸರಿಗೆ ಸುತ್ತಿಕೊಂಡು ಹೊತ್ತಿಕೊಂಡಿತ್ತು. ಪಂಕಜ ಇಂಜಿನ್ನು ಆರಿಸಿದಳು, ನನ್ನ ಬೆಲ್ಟನ್ನು ಅವಳೇ ಬಿಚ್ಚಿ ನನ್ನನ್ನು ಹೊರಗೆ ನೂಕಿದಳು, ಸಿಲಿಂಡರು ಹಿಡಿದು ಕಾರಿನಡಿಗೆ ಹೊಡೆದಳು. ಉರಿ ಅಡಗಿತು. ಆದರೆ ಬಿಗಿದುಕೊಂಡಿದ್ದ ಒಂದು ಕಂತೆ ಒಳಗೇ ಕೆಂಪಗೆ ಇತ್ತು, ಗಾಳಿ ಬಂದರೆ ಮತ್ತೆ ಹೊತ್ತಿಕೊಳ್ಳುವ ಹಾಗೆ. ನಾನು ಏನೂ ಯೋಚಿಸದೆ ಮಾಡಿದ ಒಂದೇ ಕೆಲಸ ಆಗ ಮಾಡಿದೆ. ಮಲಗಿಕೊಂಡು ಎಡಗೈ ಹಾಕಿ ಅದನ್ನು ಎಳೆದೆ. ಕಂತೆ ಬಂತು, ಅಂಗೈ ಪೈಪಿಗೆ ತಾಕಿತು. ಅಷ್ಟೇ. ಅದೇ ಹೊತ್ತಿಗೆ ಕೆಂಚಮ್ಮ ಎಂಬ ಒಬ್ಬ ಅಜ್ಜಿ ಒಕ್ಕಣೆಯವರಿಗೆಂದು ತಂದಿದ್ದ ಮಜ್ಜಿಗೆಯ ಮಡಕೆಯನ್ನು ಎತ್ತಿ ತಂದು ಕಾರಿನಡಿಗೂ ನನ್ನ ಕೈಮೇಲೂ ಸುರಿದುಬಿಟ್ಟಳು. ತರೀಕೆರೆಯವರೆಗೂ ನಮ್ಮ ಕಾರಿನಲ್ಲಿ ಒಗ್ಗರಣೆ ಹಾಕದ ಮಜ್ಜಿಗೆಯ ವಾಸನೆ.

ಪಂಕಜ ನನ್ನ ಕಡೆ ಒಂದು ಸಲ ನೋಡಿ, ಅಜ್ಜಿಯ ಹೆಗಲಿನ ಕೆಂಪು ಟವಲು ಇಸಿದುಕೊಂಡು ಕೆರೆ ಏರಿಯ ಮೇಲೆ ಓಡಿದಳು, ಹಿಂದಿನಿಂದ ಬರುವ ಕಾರುಗಳನ್ನು ನಿಲ್ಲಿಸಲು. ಊರಿನ ಹಿರಿಯ, ಹನುಮಂತಪ್ಪ ಅಂತ ಹೆಸರು, ಅವಳ ಹಿಂದೆಯೇ ಏದುಸಿರು ಬಿಡುತ್ತ ಹೋಗಿ, “ಯವ್ವಾ, ನಿಲ್ಲುಸ್‌ಬ್ಯಾಡ ಕಣವ್ವ. ಇನ್ನೊಂದ್ ನಾಕು ಕಾರು ಹಾದುಬಿಟ್ರೆ ನಮ್ ಒಕ್ಕಣೆ ಮುಗೀತದೆ,” ಎಂದು ಬೇಡಿಕೊಂಡರು. ಕೆಂಚಮ್ಮ ಅಲ್ಲಿಂದಲೇ ಗದರಿದಳು, “ಲೇ ಹನುಮಂತ, ಮನುಸ್ರು ಬೇಯ್ತಾ ಅವ್ರೆ, ನಿಂಗೆ ಹುರುಳಿ ಚಿಂತೆ.” ಆಮೇಲೆ ನನ್ನ ಕಡೆ ತಿರುಗಿ, “ಆದ್ರೂ ಅವ್ನ ತಪ್ಪೇನಿಲ್ಲ ಬಿಡವ್ವ. ದನ ಬಿಡಬ್ಯಾಡಿ ಅಂದ್ರು, ಬಿಡ್ನಿಲ್ಲ. ಹುರುಳಿ ಹಾಕಬ್ಯಾಡಿ ಅಂತ ಯಾವೋನೂ ಹೇಳ್ನಿಲ್ವಲ್ಲ,” ಅಂದಳು. ಕೈ ಉರಿಯುತ್ತಿದ್ದರೂ ನನಗೆ ಒಪ್ಪಬೇಕಾಯಿತು. ಊರಿನವರೆಲ್ಲ ಸೇರಿ ಕವೆಗೋಲಿನಲ್ಲಿ ಹುರುಳಿಯನ್ನು ಬದಿಗೆ ಸರಿಸಿದರು, ಕಾಳನ್ನು ಗುಡಿಸಿದರು, ಮಲಗಿದ್ದ ಕಾರನ್ನು ಎತ್ತಿ ನಿಲ್ಲಿಸಿದರು.

ಈಗ ನೀನು ಕಾದಿರುವ ಮಾತಿಗೆ ಬರುತ್ತೇನೆ. ಗೇರು ಹಾಕಬೇಕಾದದ್ದು ಎಡಗೈಯಲ್ಲಿ. ನನ್ನ ಎಡಗೈ ಮಡಚಲು ಬರುತ್ತಿರಲಿಲ್ಲ. ಪಂಕಜ ಸೈಲೆನ್ಸರನ್ನೆಲ್ಲ ಟಾರ್ಚು ಬಿಟ್ಟು ನೋಡಿ, ಪೆಟ್ರೋಲ್ ಪೈಪು ಮುಟ್ಟಿ ನೋಡಿ, ಕಾರು ಸರಿಯಿದೆ ಅಂದಳು. ಆಮೇಲೆ ಹೆಲ್ಮೆಟ್ಟು ತೆಗೆದು ಬಾನೆಟ್ಟಿನ ಮೇಲಿಟ್ಟಳು. “ಇಲ್ಲಿಗೆ ಸಾಕು ಅತ್ತೆ. ಶಿವನಿಯಿಂದ ಮಾವನಿಗೆ ಫೋನ್ ಮಾಡೋಣ. ನಾನು ಓಡ್ಸಲ್ಲ ಅಂತ ಅಪ್ಪನಿಗೆ ಹೇಳಿದೀನಿ,” ಅಂದಳು. ಮುಖದಲ್ಲಿ ಏನೂ ಇರಲಿಲ್ಲ. ಏನೂ ಕಾಣಬಾರದು ಎಂದು ಅವಳು ಎಷ್ಟು ಕಷ್ಟಪಡುತ್ತಿದ್ದಾಳೆ ಎಂಬುದು ಮಾತ್ರ ಇತ್ತು. ಚಿಕ್ಕಂದಿನಲ್ಲಿ ನಿನಗೂ ಆ ಮುಖ ಬರುತ್ತಿತ್ತು.

ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಯೋಚಿಸಿದೆ. ಹೊತ್ತು ಹೋಗುತ್ತಿತ್ತು. ನನ್ನ ಸ್ವಭಾವ ನಿನಗೆ ಗೊತ್ತು, ಸೀರೆ ಆರಿಸಲೂ ಎರಡು ಸಲ ಅಂಗಡಿಗೆ ಹೋಗುವವಳು. ತಂದೆ ಬೇಡ ಅಂದದ್ದನ್ನು ಮಾಡು ಅನ್ನಲು ನಾನು ಯಾರು? ಇದು ಅವಳಿಗಾಗಿಯೋ, ದಂಡವಿಲ್ಲದ ನನ್ನ ಮೂರು ಠಾಣ್ಯಗಳಿಗಾಗಿಯೋ? ಅಲ್ಲಿಂದ ಆ ಕಪ್ಪಾದ ಕಂತೆ ಕಾಣುತ್ತಿತ್ತು. ನೀನು ಯಾವುದಕ್ಕೆ ಹೆದರಿದ್ದೆಯೋ ಅದು ನಮ್ಮ ಎದುರಿಗೇ ಬಂದು ಹೋಗಿತ್ತು. ಮಗುಚಿದ ಕಾರು, ಬೆಂಕಿ, ಎರಡೂ. ಬಂದಾಗ ನಿನ್ನ ಮಗಳು ಏನು ಮಾಡಿದಳು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಮೊದಲು ನನ್ನನ್ನು ಹೊರಗೆ ಹಾಕಿದಳು, ಆಮೇಲೆ ಬೆಂಕಿ ಆರಿಸಿದಳು, ಅದಾದ ಮೇಲೆ ಹಿಂದೆ ಬರುವವರನ್ನು ನಿಲ್ಲಿಸಿದಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಿಮ್ಮ ಕಾಲದಲ್ಲಿ ಧೈರ್ಯ ಅಂದರೆ ಅಪಾಯವನ್ನು ಲೆಕ್ಕಕ್ಕೆ ಇಡದೆ ಇರುವುದಾಗಿತ್ತು. ಇವಳು ಅದನ್ನು ಪೂರ್ತಿ ಲೆಕ್ಕಕ್ಕೆ ಇಟ್ಟುಕೊಂಡೇ ಬಂದಿದ್ದಾಳೆ. ಅದನ್ನು ಅವಳು ಕಲಿತದ್ದು ನಿನ್ನ ಭಯದಿಂದ. ಅಷ್ಟು ಕಲಿತವಳನ್ನು ಪಕ್ಕದ ಸೀಟಿನಲ್ಲೇ ಕೂರಿಸಿಡುವುದು ಸರಿಯೇ ಎಂದು ನನ್ನನ್ನು ನಾನು ಕೇಳಿಕೊಂಡೆ. ಉತ್ತರ ಬಂದಾಗ ಎದ್ದು, ಬಲಗೈಯಲ್ಲಿ ಹೆಲ್ಮೆಟ್ಟು ತೆಗೆದು ಅವಳಿಗೆ ಕೊಟ್ಟೆ. “ಓಡಿಸು. ನಿಮ್ಮಪ್ಪನಿಗೆ ನಾನು ಹೇಳ್ತೀನಿ,” ಅಂದೆ. ಅವಳು ಕದಲಲಿಲ್ಲ. ಎರಡನೇ ಸಲ, ನಾನು ನಿಮ್ಮಪ್ಪನಿಗೆ ಅಕ್ಕ ಕಣೇ, ಕೂತ್ಕೋ ಅಂದೆ. ಕೂತಳು. ಬೈಯುವುದಾದರೆ ನನ್ನನ್ನು ಬೈ, ದೇವೂ. ಅವಳು ತನ್ನ ಮಾತು ಮುರಿಯಲಿಲ್ಲ, ನಾನು ಮುರಿಸಿದೆ.

ಕೆಂಚಮ್ಮ ನನ್ನ ಕೈಗೆ ಲೋಳೆಸರ ಹಚ್ಚಿ ಒದ್ದೆ ಬಟ್ಟೆ ಸುತ್ತಿದಳು. ಶಿವನಿ ದಾಟಿ ಅಜ್ಜಂಪುರಕ್ಕೆ ಬಂದೆವು. ಹುರುಳಿಯಿಂದಾಗಿ ಎಲ್ಲರಿಗೂ ತಡವಾದ್ದರಿಂದ ಆ ತುಂಡಿನ ದಂಡವನ್ನು ಕ್ಲಬ್ಬಿನವರು ಎಲ್ಲರಿಗೂ ಮನ್ನಾ ಮಾಡಿದ್ದರು. ಅಲ್ಲಿನ ಡಾಕ್ಟರು ಕೈಗೆ ಔಷಧಿ ಹಚ್ಚಿ, ನೋವಿನ ಮಾತ್ರೆ ಕೊಟ್ಟು, ಇಳಿದುಬಿಡಿ ಅಮ್ಮ ಅಂದರು. ನಾನು ಇಳಿಯಲಿಲ್ಲ. ನಕ್ಷೆ ಓದುವವರು ಬೇಡವೇ?

ಅಜ್ಜಂಪುರದಿಂದ ತರೀಕೆರೆಯ ರಸ್ತೆ ನೀನೂ ಓಡಿಸಿದ್ದೇ. ಅದನ್ನು ನಾನು ಸಾವಿರ ಸಲ ನೋಡಿದ್ದೇನೆ ಅಂದುಕೊಂಡಿದ್ದೆ, ನೋಡಿಯೇ ಇರಲಿಲ್ಲ. ನಾನು ಎಡ ಎಂದು ಹೇಳುವ ಹೊತ್ತಿಗೆ ಎಡ ಮುಗಿದಿರುತ್ತಿತ್ತು. ಆದರೆ ಅವಳು ಎಲ್ಲೂ ಹುಚ್ಚಾಟ ಆಡಲಿಲ್ಲ. ಕಾಣದ ತಿರುವಿಗೆ ಮೊದಲೇ ವೇಗ ಇಳಿಸುತ್ತಿದ್ದಳು, ತಿರುವು ಬಿಚ್ಚಿಕೊಂಡ ತಕ್ಷಣ ಕಾರು ಮೇಲೆದ್ದ ಹಾಗೆ ಮುಂದಕ್ಕೆ ಹೋಗುತ್ತಿತ್ತು. ಒಂದು ಕಡೆ ತೆಂಗಿನ ತೋಟದಿಂದ ಗಾಡಿಯೊಂದು ಅಡ್ಡ ಬಂತು. ಪೂರ್ತಿ ನಿಲ್ಲಿಸಿ, ಗಾಡಿ ದಾಟುವವರೆಗೆ ಕಾದು, ಎತ್ತುಗಳು ಬೆಚ್ಚಬಾರದೆಂದು ಹಾರನ್ನೂ ಮಾಡದೆ ಹೊರಟಳು. ಅಪ್ಪನ ಫಿಯಟ್ಟು ಆ ಸದ್ದು ಮಾಡಬಲ್ಲದು ಎಂದು ನನಗೆ ತಿಳಿದಿರಲಿಲ್ಲ. ನನಗೆ ಭಯವಾಗಲಿಲ್ಲ. ಆಗಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಕೈ ಉರಿಯುತ್ತಿದ್ದುದೂ ಮರೆತು ನಾನು ಜೋರಾಗಿ ನಗುತ್ತಿದ್ದೆನಂತೆ, ಅವಳು ಹೇಳುತ್ತಾಳೆ.

ತರೀಕೆರೆಯ ಮೈದಾನದಲ್ಲಿ ನಿನ್ನ ಭಾವ ಟವಲು ಹಿಡಿದು ನಿಂತಿದ್ದರು. ನಾನು ಎಡಗಡೆಯಿಂದ ಇಳಿದದ್ದು ನೋಡಿ, ಆಮೇಲೆ ಕೈ ನೋಡಿ, ಅವರು ಟವಲನ್ನು ನನ್ನ ಹೆಗಲಿಗೆ ಹೊದಿಸಿದರು. ಮೈಕಿನವರು ಫಲಿತಾಂಶ ಓದಿದರು. ಅಜ್ಜಂಪುರದಲ್ಲಿ ಡಾಕ್ಟರ ಹತ್ತಿರ ಕಳೆದ ಹೊತ್ತಿಗೆ ದಂಡ ಬಿದ್ದಿದ್ದರಿಂದ ಒಟ್ಟಿನಲ್ಲಿ ನಾವು ಎರಡನೆಯವರು. ಕೊನೆಯ ಓಟದ ತುಂಡಿನಲ್ಲಿ, ಗಾಡಿಗೆ ನಿಂತದ್ದೂ ಸೇರಿ, ನಲವತ್ತು ಕಾರುಗಳಲ್ಲಿ ಎಲ್ಲರಿಗಿಂತ ಬೇಗ ಬಂದದ್ದು ನಮ್ಮ ಫಿಯಟ್ಟು. ‘ಶ್ರೀಮತಿ ವಿಮಲ ಚನ್ನಬಸಪ್ಪನವರು’ ಎಂದು ಕೂಗಿದರು, ಚಪ್ಪಾಳೆ ಬಿತ್ತು. ನಾನು ವೇದಿಕೆ ಹತ್ತಿ ಆ ಮನುಷ್ಯನ ಕೈಯಿಂದ ಮೈಕು ತೆಗೆದುಕೊಂಡೆ. ಸ್ಕೂಲಿನ ಎಲೊಕ್ಯೂಷನ್ ಬಿಟ್ಟ ಮೇಲೆ ಮೈಕು ಮುಟ್ಟಿದ್ದು ಅದೇ ಮೊದಲು. ಕೊನೆಯ ತುಂಡು ಓಡಿಸಿದ್ದು ನಾನಲ್ಲ, ಪಂಕಜಾಕ್ಷಿ, ಬೀರೂರಿನ ರೇಸ್ ಡ್ರೈವರ್ ದೇವೀರಪ್ಪನ ಮಗಳು ಎಂದು ಹೇಳಿದೆ. ಹನ್ನೊಂದು ವರ್ಷ ನಿನ್ನ ಹೆಸರಿನ ಹಿಂದೆ ಯಾರೂ ಸೇರಿಸದ ಆ ಮಾತನ್ನು ಸೇರಿಸಿಯೇ ಹೇಳಿದೆ. ಆಗ ಬಿದ್ದ ಚಪ್ಪಾಳೆ ಬೇರೆ. ಚರಂಡಿಗೆ ಬಿದ್ದ ಆ ಹುಡುಗರು ಅವಳನ್ನು ಹೆಗಲ ಮೇಲೆ ಎತ್ತಲು ಬಂದರು. ಅವಳು ಬೇಡ ಅಂದು, ಕೈ ಕೊಟ್ಟು, ಕನ್ನಡಕ ಸಿಕ್ಕಿತಾ ಎಂದು ಕೇಳಿದಳು. ನಿನ್ನ ಭಾವ ಅಷ್ಟು ಹೊತ್ತಿಗೆ ವೇದಿಕೆಯ ಹತ್ತಿರ ಬಂದಿದ್ದರು. “ಎರಡನೇದಾ? ಒಂದನೇದು ಯಾರಿಗೆ ಯಾಕೆ ಬಿಟ್ಕೊಟ್ರಿ?” ಎಂದು ಕೇಳಿ, ತಾವೇ ಕಣ್ಣೊರೆಸಿಕೊಂಡರು. ಮೂರು ದಿನದಿಂದ ಮಂಡಿಯಲ್ಲಿ ತೂಕ ಹಾಕುವುದು ಬಿಟ್ಟು ಇದನ್ನೇ ಹೇಳುತ್ತಿದ್ದಾರೆ.

ಗಿರಿಜಳಿಗೆ ಇದನ್ನು ನೀನೇ ಓದಿ ಹೇಳು, ಬೆಂಕಿಯ ಭಾಗ ಬೇಕಾದರೆ ಸ್ವಲ್ಪ ನುಂಗಿಕೋ. ನಿನ್ನ ಕೈಗಳಿಗೆ, ಸೊಂಟಕ್ಕೆ, ಮನಸ್ಸಿಗೆ, ಎಲ್ಲಕ್ಕೂ ಈ ವರ್ಷ ಒಳ್ಳೆಯದಾಗಲಿ ಎಂದು ಹಾರೈಸುತ್ತೇನೆ. ಭಾವ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ.

ನಿನ್ನ ಅಕ್ಕ,
ವಿಮಲ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ತರೀಕೆರೆಯಲ್ಲಿ ನಿನ್ನ ಹೆಸರು ಕೇಳಿ ಒಬ್ಬರು ನನ್ನ ಹತ್ತಿರ ಬಂದರು. ಬೆನಕಪ್ಪ ಅಂತೆ, ನಿನ್ನ ಜೊತೆ ಓಡಿಸುತ್ತಿದ್ದವರಂತೆ, ಈಗ ತಲೆ ಪೂರ್ತಿ ನರೆತಿದೆ. ನಾವು ಉಳಿದದ್ದು ಅದೃಷ್ಟ ಅಮ್ಮ, ಈ ಹುಡುಗಿ ಅದೃಷ್ಟ ನಂಬಿಕೊಂಡು ಓಡಿಸುವವಳಲ್ಲ ಅಂದರು. ಫೆಬ್ರವರಿ ಕೊನೆಯಲ್ಲಿ ಮದರಾಸಿನ ಪಂದ್ಯಕ್ಕೆ ತಮ್ಮ ಕಾರನ್ನು ಅವಳಿಗೆ ಕೊಡುತ್ತಾರಂತೆ. ಅದೇ ಜಾಗ. ಪಂಕಜ ಅವರಿಗೆ ಕೈ ಮುಗಿದು, ಅಪ್ಪ ಹೂಂ ಅಂದರೆ ಬರ್ತೀನಿ, ಇಲ್ಲದಿದ್ದರೆ ಇಲ್ಲ ಅಂದಳು. ಆ ಮಾತನ್ನು ಆಮೇಲೆ ಎತ್ತಿಲ್ಲ, ನಿನಗೆ ಬರೆಯಿರಿ ಎಂದು ಕೇಳಿಯೂ ಇಲ್ಲ. ಈ ಸಲ ಅವಳಿಗೆ ಕೂತ್ಕೋ ಎಂದು ನಾನು ಹೇಳುವುದಿಲ್ಲ. ಹೇಳಬೇಕಾದವನು ನೀನು. ಹೂಂ ಆದರೆ ಅವಳ ಹೆಸರಿಗೇ ಒಂದು ಕಾರ್ಡು ಬರೆ. ಉಹೂಂ ಆದರೆ ಬರೆಯಬೇಡ, ರೈಲು ಹತ್ತಿ ಬಂದು ಅವಳ ಎದುರಿಗೆ ನಿಂತು ಹೇಳು. ಬೀರೂರು ಮುಟ್ಟುವಷ್ಟರಲ್ಲಿ ನೀನೇ ಹೂಂ ಅಂದಿರುತ್ತೀಯ, ನನಗೆ ಗೊತ್ತು.